ನೋಟೀಸಿನ ಪದ

ನಮ್ಮ ಕಡೆ ಯಾರಾದರೂ 'ನರಗುಂದ ಬಂಡಾಯ' ಎಂದರೆ 'ಯಾವುದು?' ಎಂದು ತಿರುಗಿ ಕೇಳಬೇಕಾಗುತ್ತದೆ. ಒಂದು 1858ರದು. ಬಾಬಾಸಾಹೇಬ ಭಾವೆ ಇಂಗ್ಲಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ತಾನೂ ಉಳಿಯದೆ ಹೋದದ್ದು. ಇನ್ನೊಂದು 1980ರದು. ಮಲಪ್ರಭೆಯ ನೀರಿನ ಕರ ಕಟ್ಟುವುದಿಲ್ಲವೆಂದು ನರಗುಂದ, ನವಲಗುಂದಗಳ ರೈತರು ಎದ್ದದ್ದು, ಜುಲೈ 21ರಂದು ಗೋಲೀಬಾರು ಆದದ್ದು. ಮೊದಲನೆಯದನ್ನು ನಾನು ಶಾಲೆಯ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವನು. ಎರಡನೆಯದು ನಡೆದಾಗ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ನವಲಗುಂದ ತಾಲೂಕಿನ ನಮ್ಮೂರಿಂದ ಬುತ್ತಿ ತರುತ್ತಿದ್ದ ಬಸ್ಸು ನಾಲ್ಕಾರು ದಿನ ಬರಲಿಲ್ಲ. ಆಮೇಲೆ ಬಂದ ಮೊದಲನೆಯ ಬಸ್ಸಿನಲ್ಲಿ ನಾನು ಊರಿಗೆ ಹೋದೆ.

ಈ ಬಂಡಾಯದ ಕಾರಣ, ಪರಿಣಾಮಗಳ ಬಗ್ಗೆ ಪುಸ್ತಕಗಳಿವೆ. ಅರ್ಥಶಾಸ್ತ್ರದವರು ಬರೆದಿದ್ದಾರೆ, ರಾಜ್ಯಶಾಸ್ತ್ರದವರು ಬರೆದಿದ್ದಾರೆ. ಆಗ ಏನನ್ನು ಹಾಡಿದರು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹಚ್ಚಿಕೊಂಡಂತೆ ಕಾಣುವುದಿಲ್ಲ. ಹಾಡು ಒಂದು ಚಳವಳಿಯ ತೋರಣ ಎಂದು ತಿಳಿದವರೇ ಹೆಚ್ಚು. ಸಭೆಗೆ ಜನ ಕೂಡುವವರೆಗೆ ನಾಲ್ಕು ಹಾಡು, ಮುಖಂಡರ ಕಾರು ಬಂದೊಡನೆ ಹಾಡು ಬಂದ್. ನಾನು ನೋಡಿದ್ದು ಬೇರೆ.

ಕಾರಣವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಆಣೆಕಟ್ಟು ಆಯಿತು. ಎರಿಹೊಲಗಳ ನಡುವೆ ಕಾಲುವೆ ಹರಿಯಿತು. ಜೋಳ, ಕುಸುಬಿ ಬೆಳೆಯುತ್ತಿದ್ದವರು ಹೈಬ್ರಿಡ್ ಹತ್ತಿ ಹಾಕಿದರು. ಬೀಜ, ಗೊಬ್ಬರ, ಎಣ್ಣೆ ಎಂದು ಸಾಲ ಮಾಡಿದರು. ಒಂದೆರಡು ವರ್ಷ ಹತ್ತಿ ಕೈಹಿಡಿಯಿತು, ಆಮೇಲೆ ದರ ಬಿತ್ತು. ಅದೇ ಹೊತ್ತಿಗೆ ಸರಕಾರ ನೀರಿನ ಕರದ ಬಾಕಿಯನ್ನೂ 'ಬೆಟರ್‌ಮೆಂಟ್ ಲೆವಿ' ಎಂಬ ಇನ್ನೊಂದನ್ನೂ ವಸೂಲು ಮಾಡಲು ಹೊರಟಿತು. ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಹೆಚ್ಚಾಗಿದೆ, ಹೆಚ್ಚಾದದ್ದರಲ್ಲಿ ನಮಗೂ ಪಾಲು ಕೊಡಿ ಎಂಬುದು ಅದರ ತರ್ಕ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಿರಲೇ ಇಲ್ಲ. ಅವರಿಗೂ ನೋಟೀಸು ಬಂತು.

ಹಾಗೆ ನೋಟೀಸು ಬಂದವರಲ್ಲಿ ನಮ್ಮ ಓಣಿಯ ಶಾಹೀರ ಅಜ್ಜನೂ ಒಬ್ಬ. ಅವನ ನಿಜವಾದ ಹೆಸರು ಅವನ ನೋಟೀಸಿನಲ್ಲಿ ಮಾತ್ರ ಇತ್ತು. ಊರಿಗೆಲ್ಲ ಅವನು ಶಾಹೀರ. ಕಾಲುವೆಯ ಕೊನೆಯಲ್ಲಿ ನಾಲ್ಕು ಎಕರೆ ಎರಿ. ವಯಸ್ಸಿನಲ್ಲಿ ಹರದೇಶಿ ಮೇಳ ಕಟ್ಟಿಕೊಂಡು ಜಾತ್ರೆ ಜಾತ್ರೆ ತಿರುಗಿ ನಾಗೇಶಿಯವರೊಡನೆ ಬೆಳತನಕ ವಾದದ ಹಾಡಿಕಿ ಮಾಡಿದವನು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಆ ವಾದದಲ್ಲಿ ಗಂಡಿನ ಪಕ್ಷ ಹಿಡಿದು ಹಾಡುತ್ತಿದ್ದ ಈತ, ಮನೆಯಲ್ಲಿ ಮಾತ್ರ ಅಜ್ಜಿಯ ಮಾತಿಗೆ ಎದುರು ಹೇಳಿದ್ದನ್ನು ನಾವು ಕಾಣೆವು. 1980ರ ಹೊತ್ತಿಗೆ ಮೇಳ ಒಡೆದಿತ್ತು. ತುಂತುಣಿ ಗೂಟಕ್ಕೆ ತೂಗುಹಾಕಿತ್ತು. ದಪ್ಪಿನ ತೊಗಲು ಸಡಿಲಾಗಿತ್ತು.

ಮುಂಗಾರಿನ ಹೊತ್ತಿಗೆ ವಾಲೀಕಾರ ಅವನ ಕೈಗೆ ನೋಟೀಸು ಕೊಟ್ಟುಹೋದ. ಓದು ಬಾರದ ಅಜ್ಜ ಅದನ್ನು ಚಾದಂಗಡಿಗೆ ತಂದು ಓದಿಸಿದ. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ಓದುವಾಗ ಅವನ ತುಟಿಯೂ ಅಲುಗುತ್ತಿತ್ತೆಂದು ಓದಿದ ಹುಡುಗ ಆಮೇಲೆ ಹೇಳುತ್ತಿದ್ದ. ಎಂಟು ದಿನದಲ್ಲಿ ಪದ ಸಿದ್ಧವಾಗಿತ್ತು. ಸರ್ವೆ ನಂಬರು, ಎಕರೆ, ಗುಂಟೆ, ಬಾಕಿ, ಬಾಕಿಯ ಮೇಲಿನ ದಂಡ, ಇಷ್ಟು ದಿನದೊಳಗೆ ಕಟ್ಟದಿದ್ದರೆ ಜಪ್ತಿ ಎಂಬ ಮಾತು, ಕೆಳಗಿನ ಸಹಿ, ಎಲ್ಲ ಅದರಲ್ಲಿತ್ತು. ನೀರು ಬರುವ ಮೊದಲು ನೋಟೀಸು ಬಂತೆಂಬುದೇ ಪಲ್ಲ. ಪಲ್ಲ ಮುಗಿದಾಗ ಹಿಂದಿನವರು ಗೀ ಗೀ ಎನ್ನುವ ಬದಲು ಬಾಕಿಯ ಅಂಕಿಯನ್ನೇ ಹೇಳಬೇಕು. ಕೇಳುವವರಲ್ಲಿ ಯಾರು ಬೇಕಾದರೂ ತಮ್ಮ ತಮ್ಮ ಬಾಕಿ ಹೇಳಬಹುದು. ಚಾವಡಿಯ ಮುಂದೆ ಮೊದಲ ಸಲ ಹಾಡಿದ ದಿನ ಒಬ್ಬೊಬ್ಬರೂ ತಮ್ಮ ಅಂಕಿ ಕೂಗಿದರಂತೆ. ತಮ್ಮ ಸಾಲ ಎಷ್ಟೆಂದು ಅಣ್ಣ ತಮ್ಮಂದಿರಿಗೂ ಹೇಳದ ಜನ ನಮ್ಮವರು. ಹಾಡಿನ ಬಾಯಲ್ಲಿ ಇಡೀ ಊರಿನೆದುರು ಹೇಳಿಬಿಟ್ಟರು. ಆ ರಾತ್ರಿ ಊರಿನಲ್ಲಿ ಏನೋ ಬದಲಾಯಿತೆಂದು ನಮ್ಮ ಅಪ್ಪ ಹೇಳುತ್ತಿದ್ದರು. ಅವರು ಹಾಡಿನ ಮನುಷ್ಯರಲ್ಲ, ಲೆಕ್ಕದ ಮನುಷ್ಯರು.

ಈ ಲೆಕ್ಕದ ಗುಣ ಶಾಹೀರ ಅಜ್ಜ ಹೊಸದಾಗಿ ಕಂಡುಹಿಡಿದದ್ದೇನಲ್ಲ. ಹಲಗಲಿಯ ಬೇಡರ ಲಾವಣಿಯನ್ನು ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಓದಿದ್ದಾರೆ. 1857ರಲ್ಲಿ ಸರಕಾರ ಹತಾರ ಒಪ್ಪಿಸಿರೆಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಲ್ಲೆವೆಂದರು. ದಂಡು ಬಂದು ಊರು ಸುಟ್ಟಿತು. ಆ ಲಾವಣಿಯ ಕೊನೆಯಲ್ಲಿ ವೀರಾವೇಶ ಕಡಿಮೆ. ಅಲ್ಲಿ ಬರುವುದು ಲೂಟಿಯಾದ ಸಾಮಾನುಗಳ ಪಟ್ಟಿ. ಒಕ್ಕಲುತನದ ಕಬ್ಬಿಣದಿಂದ ಹಿಡಿದು ಹಾಲು ಹೈನದವರೆಗೆ, ಅಡಿಗೆಮನೆಯ ಜೀರಿಗೆಯವರೆಗೆ ಏನೇನು ಹೋಯಿತೆಂದು ಕವಿ ಹೇಳುತ್ತಾನೆ. ನಮಗೆ ಪಾಠ ಹೇಳಿದ ಮಾಸ್ತರರು ಆ ಭಾಗಕ್ಕೆ ಬಂದಾಗ ಬೇಗ ಬೇಗ ಓದಿ ಮುಗಿಸಿದ್ದರು. ಅದರಲ್ಲಿ ರಸ ಕಾಣಲಿಲ್ಲವೇನೋ. ನನಗೆ ಈಗ ಇಡೀ ಲಾವಣಿಯಲ್ಲಿ ಅತ್ಯಂತ ಹರಿತವಾದ ಭಾಗ ಅದೇ ಎನಿಸುತ್ತದೆ. ಗದಗ ತಾಲೂಕಿನ ಕುರ್ತಕೋಟಿಯ ಕಲ್ಮೇಶನ ಅಂಕಿತ ಹಾಕಿ ಈ ಪದ ಕಟ್ಟಿದವನು ಕವಿಯೂ ಹೌದು, ಪಂಚನಾಮೆ ಬರೆದವನೂ ಹೌದು. ಸರಕಾರದ ಪಂಚನಾಮೆಯಲ್ಲಿ ಬಾರದ್ದನ್ನು ಬರೆದ. ಇನ್ನೊಂದು ತಮಾಷೆ ನೋಡಿ: ಈ ಪದವನ್ನು ಬರೆದಿಟ್ಟು ಅಚ್ಚು ಮಾಡಿಸಿ ಉಳಿಸಿದವನು ಜೆ.ಎಫ್. ಫ್ಲೀಟ್, ಮುಂಬಯಿ ಸರಕಾರದ ಸಿವಿಲ್ ಅಧಿಕಾರಿ. ಊರು ಸುಟ್ಟವರ ಕಚೇರಿಯಲ್ಲಿ ಸಂಬಳ ತೆಗೆದುಕೊಳ್ಳುವವನು, ಸುಟ್ಟ ಊರಿನ ಹಾಡು ಕೇಳಿ ಬರೆದುಕೊಂಡ. 1980ರಲ್ಲಿ ನಮ್ಮ ಕಡೆ ಅಂಥ ಒಬ್ಬ ಅಧಿಕಾರಿಯೂ ಇದ್ದಂತಿಲ್ಲ.

ನಾನು ಊರಿಗೆ ಹೋದಾಗ ಜುಲೈ 21 ಕಳೆದಿತ್ತು. ಎರಡೂ ಕಡೆ ಗುಂಡಿಗೆ ರೈತರು ಬಿದ್ದಿದ್ದರು. ನರಗುಂದದಲ್ಲಿ ಜನರ ಸಿಟ್ಟಿಗೆ ಪೊಲೀಸರೂ ಸತ್ತಿದ್ದರು. ಊರಲ್ಲಿ ಗಂಡಸರು ಕಡಿಮೆ, ಹಿಡಿಯಲು ಬರುತ್ತಾರೆಂದು ಕೆಲವರು ಬೀಗರ ಊರು ಸೇರಿದ್ದರು. ಏನಾಯಿತೆಂದು ಕೇಳಿದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟದ್ದು ಪದದಲ್ಲಿ, ಅದೂ ನಾಲ್ಕು ತಿಂಗಳು ತಡೆದು.

ನಮ್ಮೂರಲ್ಲಿ ಅಲಾವಿ ಹಬ್ಬ ದೊಡ್ಡದು. ಸಾಬರ ಮನೆ ಐದಾರು ಇದ್ದರೂ ಹೆಜ್ಜೆಮೇಳ ಕಟ್ಟುವವರು, ರಿವಾಯತ ಪದ ಹಾಡುವವರು ಎಲ್ಲ ಜಾತಿಯವರು. ಕರ್ಬಲಾದ ಮೈದಾನದಲ್ಲಿ ನೀರು ಸಿಗದೆ ಸತ್ತವರ ಕಥೆ ಅದು. ಫರಾತ್ ನದಿ ಕಣ್ಣೆದುರಿಗೇ ಹರಿಯುತ್ತಿದೆ, ಕುಡಿಯಲು ಬಿಡುವುದಿಲ್ಲ. ಸವುಳುನೀರಿನ ನಾಡಿನ ನಮ್ಮ ಹೆಣ್ಣುಮಕ್ಕಳು ಆ ಭಾಗ ಬಂದಾಗ ಅಳದೆ ಇದ್ದದ್ದನ್ನು ನಾನು ನೋಡಿಲ್ಲ. 1980ರ ಮೊಹರಂ ನವೆಂಬರಿನಲ್ಲಿ ಬಂತು. ಆ ವರ್ಷ ಶಾಹೀರ ಅಜ್ಜ ರಿವಾಯತದ ಧಾಟಿಯಲ್ಲಿ ಇನ್ನೊಂದು ಪದ ಕಟ್ಟಿದ್ದ. ಕರ್ಬಲಾದ ಹೆಸರು ಎಲ್ಲಿಯೂ ಇಲ್ಲ. ನೀರು, ಕಾಲುವೆ, ಕಚೇರಿ, ಗುಂಡು, ಹೆಣ. ಧಾಟಿಯೇ ಉಳಿದದ್ದನ್ನೆಲ್ಲ ಹೇಳುತ್ತಿತ್ತು. ಹೊಸ ಪದಕ್ಕೆ ಹೊಸ ಧಾಟಿ ಹಚ್ಚಿದ್ದರೆ ಜನ ಕೇಳಿ ಹೋಗುತ್ತಿದ್ದರು. ಈ ಧಾಟಿಗೆ ಅವರ ಕಣ್ಣಲ್ಲಿ ಮೊದಲೇ ನೀರು ಕಾದಿತ್ತು.

ಆ ಪದಕ್ಕೆ ಏಳು ನುಡಿ. ಆರನೆಯದು ಸತ್ತ ಪೊಲೀಸನದು. ಆ ದಿನ ಅವನ ಮನೆಯಲ್ಲೂ ರೊಟ್ಟಿ ಬಡಿದಿದ್ದರು, ಬುಟ್ಟಿಯಲ್ಲಿ ರೊಟ್ಟಿ ಒಣಗಿತು, ಕಾಯುವವಳು ಕಾದೇ ಕಾದಳು ಎಂಬಷ್ಟೇ ಅದರ ಅರ್ಥ. ಯಾರು ಕೊಂದರು, ಏಕೆ ಕೊಂದರು ಎಂಬ ಮಾತಿಲ್ಲ. ಅಲಾವಿ ಕುಣಿಯ ಸುತ್ತ ಕೂತವರು ಐದು ನುಡಿಗೆ ಅತ್ತರು. ಆರನೆಯದಕ್ಕೆ ಸುಮ್ಮನಾದರು. ಕೆಲವರು ಎದ್ದೂ ಹೋದರು.

ಒಂದು ವಾರದೊಳಗೆ ತಾಲೂಕಿನಿಂದ ಇಬ್ಬರು ಕಾರ್ಯಕರ್ತರು ಬಂದರು. ಒಳ್ಳೆಯ ಹುಡುಗರು. ಅವರಲ್ಲೊಬ್ಬ ಲಾಠಿ ಏಟಿನಿಂದ ಕೈ ಮುರಿದುಕೊಂಡು ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ. ಆ ನುಡಿ ಬಿಟ್ಟು ಹಾಡಬೇಕೆಂದು ಅಜ್ಜನನ್ನು ಕೇಳಿಕೊಂಡರು. ನಾನು ರಜೆಗೆ ಬಂದವನು ಪಡಸಾಲೆಯಲ್ಲಿ ಅಲ್ಲೇ ಕೂತಿದ್ದೆ.

"ಅಜ್ಜಾ, ಖಟ್ಲೇ ನಡದಾವು. ನಾಳೆ ಕೋರ್ಟಿನ್ಯಾಗ ನಿನ್ನ ಪದಾನ ಸಾಕ್ಷಿ ಮಾಡಿ ನಿಂದರಸ್ತಾರ. ನಮ್ಮ ಹುಡುಗೂರು ಒಳಗ ಹೊಕ್ಕಾರು," ಎಂದ ಕೈ ಮುರಿದವನು.

"ಯಾರು ಕೊಂದ್ರಂತ ನಾ ಎಲ್ಲೆ ಹೇಳೀನೋ ತಮ್ಮಾ?"

"ಹೇಳಿಲ್ಲ ಖರೆ. ಆದ್ರ ನಮ್ಮ ಮ್ಯಾಲೆ ಗುಂಡ ಹಾರಿಸಿದವ್ರ ಸಲುವಾಗಿ ನಾವ್ಯಾಕ ಅಳಬೇಕು?"

ಅಜ್ಜ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಕೂತ. "ಮೂರ ಮನಿ ಅಳೂದು ನಾ ಕೇಳೀನಿ. ಎರಡ ಹಾಡಿ ಒಂದ ಬಿಡೂದು ಹ್ಯಾಂಗಂತ ನನಗ ತಿಳೀವಲ್ದು," ಎಂದ.

ಆ ಹುಡುಗರ ಮಾತಿನಲ್ಲಿ ತೂಕವಿರಲಿಲ್ಲವೆಂದು ಇವತ್ತೂ ನಾನು ಹೇಳಲಾರೆ. ಚಳವಳಿ ನಡೆಯುತ್ತಿರುವಾಗ ಎದುರಾಳಿಯ ಮನೆಯ ರೊಟ್ಟಿಬುಟ್ಟಿ ನೆನೆಯುವುದು ಸುಲಭದ ಮಾತಲ್ಲ, ಸುರಕ್ಷಿತವೂ ಅಲ್ಲ. ಗುಂಡು ಹೊಡೆದವರ ಕೈಯಲ್ಲಿ ಬಂದೂಕು, ಸರಕಾರ, ಕೋರ್ಟು ಎಲ್ಲ ಇದ್ದವು. ನಮ್ಮವರ ಕೈಯಲ್ಲಿ ಇದ್ದದ್ದು ಈ ಪದವೊಂದೇ, ಅದರಲ್ಲಿ ಅವರಿಗೂ ಪಾಲು ಏಕೆ ಕೊಡಬೇಕು? ಆದರೆ ನೋಟೀಸಿನ ಪದದಲ್ಲಿ ಗುಂಟೆ ಬಿಡದೆ ಲೆಕ್ಕ ಹೇಳಿದ ಮನುಷ್ಯ, ಸಾವಿನ ಲೆಕ್ಕದಲ್ಲಿ ಒಂದನ್ನು ಬಿಟ್ಟು ಹೇಳು ಎಂದರೆ ಒಪ್ಪುವುದು ಸಾಧ್ಯವಿರಲಿಲ್ಲ. ಅಜ್ಜ ವಾದಕ್ಕೆ ಹೋಗಲಿಲ್ಲ. ಖಟ್ಲೆ ಮುಗಿಯುವವರೆಗೆ ಆ ಪದವನ್ನೇ ಹಾಡುವುದಿಲ್ಲ ಎಂದ. ಹಾಗೇ ನಡೆದುಕೊಂಡ. ನೋಟೀಸಿನ ಪದ ಮಾತ್ರ ಹಾಡುತ್ತಿದ್ದ.

ಇನ್ನೊಂದು ವಿಷಯ ಹಲಗೆಯದು. ರೈತರ ಮೆರವಣಿಗೆ ಹೊರಟರೆ ಮುಂದೆ ಹಲಗೆ ಬೇಕು. ಹಲಗೆ ಬಡಿಯುವವರು ಕೇರಿಯವರು. ಅವರಲ್ಲಿ ಬಹಳ ಜನರಿಗೆ ಗುಂಟೆ ಭೂಮಿಯೂ ಇರಲಿಲ್ಲ. ಅಂದಮೇಲೆ ಲೆವಿಯೂ ಇಲ್ಲ, ನೋಟೀಸೂ ಇಲ್ಲ. ಪದದ ಪಲ್ಲ ಬಂದಾಗ ಎಲ್ಲರೂ ತಮ್ಮ ಬಾಕಿ ಕೂಗುತ್ತಿದ್ದರೆ ಹಲಗೆಯವನು ತಲೆ ತಗ್ಗಿಸಿ ಪೆಟ್ಟು ಹಾಕುತ್ತಿದ್ದ. "ನನಗ ನೋಟೀಸ ಬರಾಕ ಹೊಲಾ ಬೇಕಲ್ರಿ ಧಣ್ಯಾರ," ಎಂದು ಒಬ್ಬ ನಗುತ್ತಲೇ ಹೇಳಿದ್ದನ್ನು ಕೇಳಿದ್ದೇನೆ. ನಗುತ್ತಲೇ ಹೇಳಿದನಾದ್ದರಿಂದ ಎಲ್ಲರೂ ನಕ್ಕರು.

ನಗದೆ ಹೇಳುವ ಹಾಡುಗಳು ದಕ್ಷಿಣದಿಂದ ಬಂದವು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ಹೇಳಿ ಮಂತ್ರಿಪದವಿ ಕಳೆದುಕೊಂಡ ಗದ್ದಲ, ಅದರ ಬೆನ್ನಿಗೆ ಎದ್ದ ದಲಿತ ಸಂಘರ್ಷ ಸಮಿತಿ, 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', ಅದೇ ವರ್ಷ ಹುಟ್ಟಿದ 'ಸಮುದಾಯ' ತಂಡ, 1979ರ ಅದರ ಜಾಥಾ, ಇವೆಲ್ಲ ನಮ್ಮ ಕಾಲೇಜಿನ ಹುಡುಗರ ಬಾಯಲ್ಲಿ ಒಂದೇ ಗಂಟಾಗಿ ಬಂದಿಳಿದವು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿ ಮರೆತಿದ್ದೆವು. ಸಿಜಿಕೆ ಆಡಿಸಿದ 'ಬೆಲ್ಚಿ' ಬೀದಿನಾಟಕದಿಂದ ಅದು ಕರ್ನಾಟಕದ ಊರೂರಿನ ಸುದ್ದಿಯಾಯಿತು. ಸಿದ್ಧಲಿಂಗಯ್ಯನವರ ಹಾಡು ಹಾಡುವ ಹೆಚ್ಚಿನವರಿಗೆ ಅದು ಯಾರದೆಂದೇ ಗೊತ್ತಿರಲಿಲ್ಲ. ಪುಸ್ತಕ ನೋಡಿದವರು ಕಡಿಮೆ. ಒಬ್ಬರ ಬಾಯಿಂದ ಒಬ್ಬರು ಕಲಿತು, ಬೆಂಗಳೂರು ಕಡೆಯ ಮಾತು ನಮ್ಮ ನಾಲಗೆಗೆ ಬಂದಂತೆ ತಿರುವಿಕೊಂಡು ಹಾಡುತ್ತಿದ್ದರು. ಕವಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ನಂತರ ಅವರು ವಿಧಾನ ಪರಿಷತ್ತಿನ ಸದಸ್ಯರಾದರು, 2021ರಲ್ಲಿ ತೀರಿಕೊಂಡರು. ಅವರ ಹಾಡುಗಳು ಪರಿಷತ್ತಿಗೆ ಹೋದವೋ ಇಲ್ಲವೋ, ನಮ್ಮ ಕೇರಿಯನ್ನಂತೂ ಬಿಟ್ಟು ಹೋಗಲಿಲ್ಲ.

ಕೇರಿಯ ಹುಡುಗರು ಆ ಹಾಡುಗಳನ್ನು ಮೊದಲು ಹಾಡಿದ್ದು ರೈತರ ಸಭೆಯಲ್ಲೇ. ಪೊಲೀಸರ ಮೇಲೆ, ಸರಕಾರದ ಮೇಲೆ, ಶ್ರೀಮಂತರ ಮೇಲೆ ಹಾಡುವವರೆಗೆ ಚಪ್ಪಾಳೆ ಬಿದ್ದವು. ಕೆರೆ, ಭಾವಿ, ಚಾದಂಗಡಿಯ ಬೇರೆ ಕಪ್ಪು ಇವು ಬಂದಾಗ ಚಪ್ಪಾಳೆಯವರು ಕೆಮ್ಮಿದರು. ಹಸಿರು ಶಾಲು ಹೊದ್ದ ಒಬ್ಬ ಹಿರಿಯರು "ಇದು ಇಲ್ಲೆ ಬ್ಯಾಡ, ಇದರ ಸಭಾ ಬ್ಯಾರೆ," ಎಂದರು. ಎರಡು ಮೂರು ವರ್ಷದಲ್ಲಿ ಆ ಸಭೆ ಬೇರೆಯೇ ಆಯಿತು. ಹುಡುಗರು ಹಲಗೆ ಬಡಿಯುವುದನ್ನು ಬಿಟ್ಟರು. ಹೆಣಕ್ಕೂ ಇಲ್ಲ, ಜಾತ್ರೆಗೂ ಇಲ್ಲ, ಮೆರವಣಿಗೆಗೂ ಇಲ್ಲ. ಆಮೇಲಿನ ರೈತರ ಮೆರವಣಿಗೆಗೆ ಹುಬ್ಬಳ್ಳಿಯಿಂದ ಬ್ಯಾಂಡ್‌ಸೆಟ್ ತರಿಸಿದರು. ಅವರು ನುಡಿಸಿದ್ದು ಹಿಂದಿ ಸಿನಿಮಾದ ಮದುವೆ ಹಾಡುಗಳನ್ನು. ಅವರಿಗೆ ಬರುತ್ತಿದ್ದದ್ದೇ ಅವು.

ಸಿನಿಮಾ ಹಾಡನ್ನು ಇಲ್ಲಿ ಹಗುರಾಗಿ ನೆನೆಯುತ್ತಿದ್ದೇನೆ ಎಂದು ತಿಳಿಯಬಾರದು. ನಮ್ಮ ಧಾರವಾಡದ ಗೆಳೆಯರ ಬಳಗದಲ್ಲಿ ಹೋರಾಟದ ಹಾಡು ಬೇರೆ, ಸಿನಿಮಾ ಹಾಡು ಬೇರೆ ಎಂಬ ಮಡಿ ಇತ್ತು. ಊರಿನಲ್ಲಿ ಆ ಮಡಿ ಇರಲಿಲ್ಲ. 'ಬಂಗಾರದ ಮನುಷ್ಯ' 1972ರಲ್ಲಿ ಬಂದದ್ದು. ನಮ್ಮ ಕಡೆಯ ಟೂರಿಂಗ್ ಟಾಕೀಜಿಗೆ ಬರುವ ಹೊತ್ತಿಗೆ ರೀಲು ಹರಿದು ಹೋಗಿತ್ತು, ಆದರೂ ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡಿದರು. ಬರಡು ಕಲ್ಲುನೆಲವನ್ನು ಹೊಲ ಮಾಡುವ ಆ ಹಾಡಿನಲ್ಲಿ ಕನ್ನಂಬಾಡಿ ಕಟ್ಟೆಯ ಮಾತೂ ಬರುತ್ತದೆ. ಆಣೆಕಟ್ಟು ಕಟ್ಟಿದವರನ್ನು ಹೊಗಳುವ ಹಾಡು ಹಾಡುತ್ತಲೇ ನಮ್ಮವರು ಮಲಪ್ರಭೆಯ ನೀರಿಗೆ ಕಾದರು, ಹತ್ತಿ ಹಾಕಿದರು, ಸಾಲಗಾರರಾದರು. ನೀರಿನ ಕರದ ವಿರುದ್ಧ ನಡೆಯುವಾಗಲೂ ದಾರಿಯ ದಣಿವಿಗೆ ಹಾಡಿದ್ದು ಅದೇ ಹಾಡನ್ನು. ವಿರೋಧಾಭಾಸ ಎನ್ನುವವರು ಎನ್ನಲಿ. ನೀರು ಬೇಕು, ಸುಲಿಗೆ ಬೇಡ ಎಂಬುದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ. (ಆ ಚಿತ್ರದ ನಿರ್ದೇಶಕರ ಹೆಸರೂ ಸಿದ್ದಲಿಂಗಯ್ಯ. ಕವಿ ಸಿದ್ಧಲಿಂಗಯ್ಯನವರೇ ರಾಜಕುಮಾರರ ಸಿನಿಮಾ ಮಾಡಿದ್ದೆಂದು ನಮ್ಮೂರ ಹುಡುಗರು ಬಹಳ ದಿನ ನಂಬಿದ್ದರು. ಕವಿಯ ಮೇಲಿನ ಗೌರವ ಅದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.)

1982ರಲ್ಲಿ ಗೋಕಾಕ ವರದಿಯ ಚಳವಳಿ ಬಂತು. ಧಾರವಾಡದ ಸಾಹಿತಿಗಳು ಹೊತ್ತಿಸಿದ ಬೆಂಕಿಗೆ ರಾಜಕುಮಾರ್ ಬಂದು ಸೇರಿದಾಗ ಅದು ಹಳ್ಳಿಗೂ ಹಬ್ಬಿತು. ಅವರ ಜಾಥಾ ನಮ್ಮ ಕಡೆ ಬಂದಾಗ ನಮ್ಮೂರಿನಿಂದ ಎರಡು ಲಾರಿ ಹೋದವು. ಲಾರಿಯಲ್ಲಿ ಇದ್ದವರಲ್ಲಿ ಅರ್ಧ ಜನ ಎರಡು ವರ್ಷದ ಹಿಂದೆ ಲಾಠಿ ತಿಂದವರು. ಶಿಕ್ಷಣದಲ್ಲಿ ಪ್ರಥಮ ಭಾಷೆ ಯಾವುದಾಗಬೇಕೆಂಬ ವರದಿಯನ್ನು ಅವರು ಓದಿರಲಿಲ್ಲ, ಓದಲು ಬರುತ್ತಲೂ ಇರಲಿಲ್ಲ. ಭಾಷಣ ಶುರುವಾದ ಐದು ನಿಮಿಷಕ್ಕೆ ಹಾಡಿ ಹಾಡಿ ಎಂಬ ಕೂಗು ಎದ್ದಿತು. ಆ ಮನುಷ್ಯ ಬಾಯಿ ತೆರೆದಾಗ ಮೈದಾನವೆಲ್ಲ ಜೊತೆಗೂಡಿತು. ಮಂಟಪದ ಮೇಲಿದ್ದ ಸಾಹಿತಿಗಳೊಬ್ಬರು ಮುಖ ಕಿವುಚಿಕೊಂಡದ್ದು ನನಗೆ ನೆನಪಿದೆ. ಆದರೆ ಸಾವಿರಾರು ಜನಕ್ಕೆ ಒಟ್ಟಿಗೇ ಬರುವ ಹಾಡೊಂದು ಇರುವುದು ಸಣ್ಣ ಸಂಗತಿಯೇ? ನಾವು ಬರೆದು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದ ಹಾಡುಗಳಲ್ಲಿ ಕೆಂಪು ಸೂರ್ಯ ಮೇಲಿಂದ ಮೇಲೆ ಹುಟ್ಟುತ್ತಿದ್ದ. ಅವನನ್ನು ಎದ್ದು ನೋಡಿದವರು ನಾವು ಹತ್ತು ಜನ. 1983ರ ಜನವರಿಯಲ್ಲಿ ಗುಂಡೂರಾಯರ ಸರಕಾರ ಚುನಾವಣೆಯಲ್ಲಿ ಬಿತ್ತು. ಲೆವಿಯ ಸಿಟ್ಟು, ಗೋಲೀಬಾರಿನ ಸಿಟ್ಟು, ಭಾಷೆಯ ಅಭಿಮಾನ ಎಲ್ಲ ಅಲ್ಲಿ ಕೂಡಿದವು. ಅದರಲ್ಲಿ ಹಾಡಿನ ಪಾಲು ಎಷ್ಟೆಂದು ತೂಗುವ ತಕ್ಕಡಿ ನನ್ನಲ್ಲಿಲ್ಲ.

ಅದೇ ವರ್ಷ ರಾಜಕುಮಾರರ 'ಕಾಮನಬಿಲ್ಲು' ಬಂತು. ಅದರಲ್ಲಿ ಕುವೆಂಪು ಅವರ 'ನೇಗಿಲಯೋಗಿ'ಯನ್ನು ಸಿ. ಅಶ್ವಥ್ ಹಾಡಿದರು. ಪಠ್ಯಪುಸ್ತಕದ ಕವಿತೆ ಸಿನಿಮಾಕ್ಕೆ ಬಂತು, ಸಿನಿಮಾದಿಂದ ರೇಡಿಯೋಕ್ಕೆ, ರೇಡಿಯೋದಿಂದ ರೈತರ ಸಭೆಗೆ. ಹಸಿರು ಶಾಲಿನವರು ಅದನ್ನು ತಮ್ಮದು ಮಾಡಿಕೊಂಡರು. ಮುಂದೆ ಅದೇ ರೈತಗೀತೆಯಾಗಿ ಸರಕಾರಿ ಸಮಾರಂಭಗಳಲ್ಲಿ ಎದ್ದು ನಿಂತು ಹಾಡುವ ಹಾಡಾಯಿತು. ಈಗ ನಮ್ಮ ತಾಲೂಕಿನ ಕಾರ್ಯಕ್ರಮಗಳಲ್ಲಿ ಅದು ಮೊದಲಾದಾಗ ತಹಸೀಲ್ದಾರರೂ ಏಳುತ್ತಾರೆ, ಇನ್‌ಸ್ಪೆಕ್ಟರರೂ ಏಳುತ್ತಾರೆ, ಕರ ಕಟ್ಟದವನೂ ಏಳುತ್ತಾನೆ. ನಾನೂ ಏಳುತ್ತೇನೆ. ಅದು ದೊಡ್ಡ ಕವಿತೆ. ಶಾಹೀರ ಅಜ್ಜನಿಗೆ ಅದನ್ನು ಮೊದಲ ಸಲ ಟೇಪ್‌ರೆಕಾರ್ಡರಿನಲ್ಲಿ ಕೇಳಿಸಿದವನು ನಾನೇ. ಕಣ್ಣು ಮುಚ್ಚಿ ಪೂರಾ ಕೇಳಿದ. "ಭಾರಿ ಚೊಲೋ ಐತಿ. ನೇಗಿಲಾ ಹಿಡದಾಂವಗ ಕೈ ಮುಗದಾರ. ಎಷ್ಟ ಬಾಕಿ ಐತೆಂತ ಕೇಳಿಲ್ಲ," ಎಂದ. ಕೊಂಕು ಮಾತಲ್ಲ ಅದು. ಒಬ್ಬ ಕಸುಬಿನವನು ಇನ್ನೊಬ್ಬ ಕಸುಬಿನವನ ಕೆಲಸ ನೋಡಿ ಆಡುವ ಮಾತು. ಕೈ ಮುಗಿಯುವ ಹಾಡಿಗೆ ಯಾವ ಸರಕಾರ ಬೇಕಾದರೂ ಎದ್ದು ನಿಲ್ಲಬಹುದು. ನೋಟೀಸಿನ ಪದಕ್ಕೆ ಎದ್ದು ನಿಲ್ಲುವ ಸರಕಾರವನ್ನು ನಾನು ಇನ್ನೂ ನೋಡಬೇಕು.

2015ರ ಜುಲೈನಲ್ಲಿ ನರಗುಂದದಲ್ಲಿ ಮತ್ತೆ ರೈತರು ಕೂತರು. ಈ ಸಲ ಕೇಳಿದ್ದು ಮಹದಾಯಿಯ ನೀರು, ಕಳಸಾ ಬಂಡೂರಿ ನಾಲೆ. ಮಲಪ್ರಭೆಯಲ್ಲೇ ನೀರು ಸಾಲದೆ ಬಂದಿತ್ತು. ಧರಣಿ ವರ್ಷಗಟ್ಟಲೆ ನಡೆಯಿತು. 2016ರಲ್ಲಿ ನ್ಯಾಯಮಂಡಳಿ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ನವಲಗುಂದ ಹೊತ್ತಿ ಉರಿಯಿತು, ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಹೊಡೆದರು. 2018ರಲ್ಲಿ ಬಂದ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಆ ಧರಣಿಯ ಡೇರೆಯಲ್ಲಿ ನಾನೂ ಕೆಲವು ದಿನ ಕೂತಿದ್ದೇನೆ. ಮೂಲೆಯಲ್ಲಿ ಒಂದು ಧ್ವನಿವರ್ಧಕ, ಅದಕ್ಕೆ ಸಿಕ್ಕಿಸಿದ ಒಂದು ಮೊಬೈಲು. ರೈತಗೀತೆ ಬರುತ್ತಿತ್ತು, ಸಿನಿಮಾ ಹಾಡು ಬರುತ್ತಿತ್ತು, ಸಿದ್ಧಲಿಂಗಯ್ಯನವರದೂ ಒಂದು ಬರುತ್ತಿತ್ತು, ಈಗ ಯಾರೂ ಕೆಮ್ಮುತ್ತಿರಲಿಲ್ಲ. ಹಾಡುಗಳು ಚೆನ್ನಾಗಿಯೇ ಇದ್ದವು. ಕೂತವರು ಮಾತ್ರ ಹಾಡುತ್ತಿರಲಿಲ್ಲ, ಕೇಳುತ್ತಿದ್ದರು. ಸಾಲದ ಮಾತು ಬಂದರೆ ಪಕ್ಕದವನ ಕಿವಿಯಲ್ಲಿ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಧ್ವನಿವರ್ಧಕ ನಿಂತು ಡೇರೆಯಲ್ಲಿ ಬಿಸಿಲಿನ ಸದ್ದು ಮಾತ್ರ ಉಳಿಯಿತು. ಆಗ ನಮ್ಮೂರ ಕಡೆಯ ಒಬ್ಬಳು ಮುದುಕಿ, ನೋಟೀಸಿನ ಪದದ ಪಲ್ಲ ಎತ್ತಿದಳು. ಹಳೆಯ ತಲೆಗಳು ನಾಲ್ಕಾರು ಧ್ವನಿ ಕೂಡಿಸಿದವು. ಅಂಕಿ ಹೇಳುವ ಜಾಗ ಬಂದಾಗ ಎಲ್ಲ ತಡವರಿಸಿದರು, 1980ರ ಬಾಕಿ ಯಾರಿಗೆ ನೆನಪಿರುತ್ತದೆ? ಹಿಂದೆ ಕೂತಿದ್ದ ಒಬ್ಬ ಹುಡುಗ ತನ್ನ ಈಗಿನ ಬ್ಯಾಂಕಿನ ಸಾಲದ ಅಂಕಿ ಕೂಗಿದ. ದೊಡ್ಡ ಅಂಕಿ. ಅವನ ಅಪ್ಪ ಪಕ್ಕದಲ್ಲೇ ಕೂತಿದ್ದ, ತಿರುಗಿ ಅವನ ಮುಖ ನೋಡಿದ. ಅಪ್ಪನಿಗೆ ಅದು ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಶಾಹೀರ ಅಜ್ಜ ಅದನ್ನು ನೋಡಲು ಇರಲಿಲ್ಲ. ಅವನು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವನ ಧ್ವನಿಯ ಒಂದು ಕ್ಯಾಸೆಟ್ಟೂ ಇಲ್ಲ. ರಿವಾಯತ ಧಾಟಿಯ ಆ ಏಳು ನುಡಿಯ ಪದವನ್ನು ಒಂದೇ ಒಂದು ಹಬ್ಬದಲ್ಲಿ ಹಾಡಿದ್ದು. ಖಟ್ಲೆಗಳ ಸುದ್ದಿ ತಣ್ಣಗಾದ ಮೇಲೂ ಅವನು ಅದನ್ನು ಮತ್ತೆ ಎತ್ತಲಿಲ್ಲ, ಯಾರೂ ಕೇಳಲಿಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಹಿಂದೆ ಹೆಜ್ಜೆಮೇಳದಲ್ಲಿದ್ದವರನ್ನು ಹುಡುಕಿ ಕೇಳಿದೆ. ರೈತರ ಮೇಲಿನ ನುಡಿಗಳು ಒಬ್ಬರಿಗೆ ಒಂದು ಸಾಲು, ಇನ್ನೊಬ್ಬರಿಗೆ ಅರ್ಧ ಸಾಲು ಬಂದವು. ಕೂಡಿಸಿದರೆ ಎರಡು ನುಡಿಯಾಗಬಹುದು. ಆರನೆಯ ನುಡಿ ಮಾತ್ರ ಎಲ್ಲರಿಗೂ ಪೂರಾ ಬರುತ್ತದೆ, ಅವತ್ತು ಎದ್ದು ಹೋದವರಿಗೂ. ಬೇಕು ಬೇಡ ಎಂದು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಜಗಳಾಡುವಾಗ ಸಾಲು ಸಾಲು ಎತ್ತಿ ಹೇಳಿದ್ದರಲ್ಲ. ನಾನು ಅದನ್ನು ಬರೆದುಕೊಂಡು ಬಂದೆ.